ಕಾರಿನ ಅರ್ಥಿಂಗ್: ಹೊಸ ವೈರ್ ಎಳೆಯಬೇಕಾ, ಇರುವುದನ್ನೇ ಉಜ್ಜಿದರೆ ಸಾಕಾ?

ಸಪ್ತಾಪುರ_ಧಾರವಾಡ:

ಎಲ್ಲರಿಗೂ ನಮಸ್ಕಾರ. ನಮ್ಮದು 2004ರ ಸಣ್ಣ ಪೆಟ್ರೋಲ್ ಕಾರು. ಅಪ್ಪ ಹೊಸದಾಗಿ ತಗೊಂಡಿದ್ದ ಗಾಡಿ. ಆರ್‌ಸಿ ರಿನ್ಯೂ ಮಾಡಿಸಿ ಇನ್ನೂ ಓಡಿಸುತ್ತಿದ್ದೇವೆ, ಮಾರುವ ಮನಸ್ಸಿಲ್ಲ. ಎಂಜಿನ್ ಗಟ್ಟಿಯಾಗಿದೆ. ತೊಂದರೆ ಇರುವುದೆಲ್ಲ ಕರೆಂಟಿನದು.

ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಎಳೆದು ಎಳೆದು ತಿರುಗುತ್ತದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದುಕೊಂಡರಂತೂ ಇನ್ನೂ ಜಾಸ್ತಿ. ಹೆಡ್‌ಲೈಟ್ ಮಂಕು, ಬಲಗಡೆಯದು ತೀರಾ ಮಂಕು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಅದು ಮಿನುಗಿದಂತೆಲ್ಲ ಆ ಕಡೆಯ ಹೆಡ್‌ಲೈಟೂ ಸಣ್ಣಗೆ ಕುಗ್ಗುತ್ತದೆ. ಇನ್ನೊಂದು ವಿಚಿತ್ರ ಇದೆ. ಹೆಡ್‌ಲೈಟ್, ಬ್ಲೋವರ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಆರಿಸಿದ ಕೂಡಲೇ ಇಳಿಯುತ್ತದೆ. ಕೂಲಂಟ್ ಸರಿ ಇದೆ, ಫ್ಯಾನ್ ಸರಿ ಇದೆ.

ಬ್ಯಾಟರಿ ಹಾಕಿಸಿ ಎಂಟು ತಿಂಗಳಾಯಿತು. ಅಂಗಡಿಯವರು ಟೆಸ್ಟ್ ಮಾಡಿ ಬ್ಯಾಟರಿದು ಏನೂ ಇಲ್ಲ ಅಂದರು. ಒಂದು ಗ್ಯಾರೇಜಿನಲ್ಲಿ ಸೆಲ್ಫ್ ಮೋಟರ್ ಬಿಚ್ಚಬೇಕು ಅಂದರು. ಇನ್ನೊಬ್ಬರು ಅರ್ಥಿಂಗ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸರಿ ಇಲ್ಲ, ಆನ್‌ಲೈನಿನಲ್ಲಿ ಐದು ಕೇಬಲ್ಲಿನ ಕಿಟ್ ಬರುತ್ತದೆ, ತರಿಸಿ ಹಾಕಿಬಿಡಿ ಅಂದರು. ನಾನು ಮೀಟರ್ ಹಿಡಿದು ಓಮ್ಸ್‌ನಲ್ಲಿ ಇಟ್ಟು ಎಂಜಿನ್‌ನಿಂದ ಬ್ಯಾಟರಿ ಮೈನಸ್‌ವರೆಗೆ ನೋಡಿದೆ, 0.4 ಬಂತು. ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೂ 0.3 ತೋರಿಸುತ್ತದೆ. ಅಂದರೆ ಅರ್ಥಿಂಗ್ ಸರಿ ಇದೆ ಅಂತಲೇ ಅಲ್ವಾ?

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಅಜ್ಜಿ ಗದಗದಲ್ಲಿದ್ದಾರೆ, ಪ್ರತಿ ಶನಿವಾರ ಕೆಲಸ ಮುಗಿಸಿ ಹೊರಡುತ್ತೇನೆ. ಅಣ್ಣಿಗೇರಿ ದಾಟುವ ಹೊತ್ತಿಗೆ ಪೂರ್ತಿ ಕತ್ತಲು. ಆ ರಸ್ತೆಯಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಹೋಗುತ್ತಿರುತ್ತವೆ. ಹೋದ ವಾರ ಒಂದು ಟ್ರೇಲರ್ ಕಣ್ಣಿಗೆ ಬೀಳುವಷ್ಟರಲ್ಲಿ ತೀರಾ ಹತ್ತಿರ ಬಂದುಬಿಟ್ಟಿದ್ದೆ. ಮನೆಯಲ್ಲೇ ಏನು ಮಾಡಬಹುದು, ದಯವಿಟ್ಟು ಹೇಳಿ.

ಹುಬ್ಬಳ್ಳಿ_ವೈರಿಂಗ್:

ನಮಸ್ಕಾರ ಸರ್. ಇಪ್ಪತ್ತೆರಡು ವರ್ಷದಿಂದ ಗಾಡಿ ವೈರಿಂಗ್ ಕೆಲಸವನ್ನೇ ಮಾಡುತ್ತಿದ್ದೇನೆ. ಕಿಟ್ ಆರ್ಡರ್ ಮಾಡಿದ್ದರೆ ಸದ್ಯಕ್ಕೆ ನಿಲ್ಲಿಸಿ. ಸೆಲ್ಫ್ ಮೋಟರನ್ನೂ ಬಿಚ್ಚಿಸಬೇಡಿ.

ನೀವು ವಿಚಿತ್ರ ಅಂದಿರಲ್ಲ, ಆ ಟೆಂಪರೇಚರ್ ಮುಳ್ಳು, ಅದೇ ನಿಮ್ಮ ಗಾಡಿ ಕೊಡುತ್ತಿರುವ ಸುಳಿವು. ಹಳೆ ಗಾಡಿಯಲ್ಲಿ ಎಂಜಿನ್ ಶಾಖ ಅಳೆದು ಆ ಮುಳ್ಳಿಗೆ ಕಳಿಸುವ ಸೆಂಡರಿಗೆ ಒಂದೇ ವೈರ್, ಅದರ ಮೈನಸ್ ಎಂಜಿನ್ ಮೈಯಿಂದಲೇ ಸಿಗುತ್ತದೆ. ಮೀಟರ್ ಬೋರ್ಡಿನ ಮೈನಸ್ ಬಾಡಿಯಿಂದ. ಎಂಜಿನ್ ಮತ್ತು ಬಾಡಿ ಎರಡೂ ಒಂದೇ ಮಟ್ಟದಲ್ಲಿದ್ದರೆ ಮುಳ್ಳು ನಿಜ ಹೇಳುತ್ತದೆ. ಲೈಟ್ ಹಾಕಿದಾಗ ಮುಳ್ಳು ಓಡುತ್ತದೆ ಅಂದರೆ ಎರಡರ ಮಧ್ಯೆ ವೋಲ್ಟೇಜ್ ನಿಂತಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ ಅಲ್ವಾ, ಅದಕ್ಕೂ ಬಾಡಿಗೂ ಕರೆಂಟಿನ ಸಂಬಂಧ ಇರುವುದು ಒಂದೆರಡು ಕೇಬಲ್ಲಿನಿಂದ ಮಾತ್ರ. ಆ ಕೇಬಲ್ಲಿನ ಯಾವುದೋ ಒಂದು ತುದಿ ಕೆಟ್ಟಿದೆ.

ಇನ್ನು ಓಮ್ಸ್ ವಿಷಯ. ನಿಮ್ಮ ಮೀಟರಿನ ಕಡ್ಡಿಗಳದ್ದೇ 0.3 ಓಮ್. ನಾವು ಹುಡುಕುತ್ತಿರುವುದು 0.01 ಓಮಿನಷ್ಟು ಸಣ್ಣದು. ಲಾರಿ ತೂಗುವ ಕಾಟಾದಲ್ಲಿ ಬಂಗಾರ ತೂಗಿದ ಹಾಗೆ ಆಗುತ್ತದೆ. ಆದರೆ ಆ 0.01 ಅನ್ನುವುದು ಸಣ್ಣದಲ್ಲ. ಸಣ್ಣ ಪೆಟ್ರೋಲ್ ಗಾಡಿಯ ಸೆಲ್ಫ್ ಕೂಡ ನೂರು ಆಂಪಿಯರ್ ಮೇಲೆ ಎಳೆಯುತ್ತದೆ, 150 ಅಂತ ಇಟ್ಟುಕೊಳ್ಳಿ. 150 ಗುಣಿಸು 0.01, ಒಂದೂವರೆ ವೋಲ್ಟ್ ಅಲ್ಲೇ ಹೋಯಿತು. ಒಂದು ಕೇಬಲ್ಲಿನ ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ತುಂಡಾಗಿದ್ದರೂ ಓಮ್ಸ್‌ನಲ್ಲಿ ಅದು ಸರಿ ಅಂತಲೇ ತೋರಿಸುತ್ತದೆ, ಯಾಕೆಂದರೆ ಮೀಟರ್ ಕಳಿಸುವ ಚೂರು ಕರೆಂಟಿಗೆ ಉಳಿದ ಒಂದು ಎಳೆ ಸಾಕು.

ಹಾಗಾಗಿ ಅರ್ಥಿಂಗ್ ನೋಡುವುದು ವೋಲ್ಟ್‌ನಲ್ಲಿ, ಅದೂ ಲೋಡ್ ಓಡುತ್ತಿರುವಾಗ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕೆಂಪು ಕಡ್ಡಿ ವೋಲ್ಟ್ ತೂತಿನಲ್ಲೇ ಇದೆಯಾ ಅಂತ ಎರಡು ಸಲ ನೋಡಿ. 10 ಆಂಪಿಯರ್ ತೂತಿನಲ್ಲಿದ್ದು ಬ್ಯಾಟರಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದುಬಿಡಿ, ಎಂಜಿನ್ ಬರೀ ತಿರುಗಬೇಕು, ಸ್ಟಾರ್ಟ್ ಆಗಬಾರದು. ಮನೆಯವರು ಯಾರಾದರೂ ಒಳಗೆ ಕೂತು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ನಿಮ್ಮ ಕೈ, ಶರ್ಟಿನ ತೋಳು ಬೆಲ್ಟಿನಿಂದ ದೂರ ಇರಲಿ.

ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ಗುಬ್ಬಿ ಮೇಲೆಯೇ ಒತ್ತಿ ಹಿಡಿಯಿರಿ, ಅದಕ್ಕೆ ಬಿಗಿದಿರುವ ಕೇಬಲ್ಲಿನ ಟರ್ಮಿನಲ್ ಮೇಲಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣ, ಜಿಡ್ಡು ಇಲ್ಲದ ಬರೀ ಲೋಹಕ್ಕೆ ಚುಚ್ಚಿ. ಸೆಲ್ಫ್ ಹೊಡೆಯುವಾಗ 0.2 ಒಳಗೆ ಬಂದರೆ ಒಳ್ಳೆಯದು, 0.3 ನಡೆಯುತ್ತದೆ, 0.5 ದಾಟಿದರೆ ರೋಗ ಅಲ್ಲೇ ಇದೆ. ಆಮೇಲೆ ಫ್ಯೂಸ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ, ಲೈಟ್, ಬ್ಲೋವರ್ ಎಲ್ಲ ಹಾಕಿ, ಗುಬ್ಬಿಯಿಂದ ಬಾಡಿಗೆ ನೋಡಿ. ಅಲ್ಲಿ 0.1 ದಾಟಬಾರದು. ಬಲಗಡೆ ಹೆಡ್‌ಲೈಟ್ ಹೋಲ್ಡರಿನ ಅರ್ಥ್ ಪಿನ್ನಿಗೂ ಇದೇ ಥರ ನೋಡಿ, ಅದರ ಮೇಲೆ ನನಗೆ ಬೇರೆ ಅನುಮಾನ ಇದೆ. ರೀಡಿಂಗ್ ಇಲ್ಲಿ ಹಾಕಿ.

ಬೆಟಗೇರಿಯವ:

ಇದನ್ನು ಮುಂದಕ್ಕೆ ಹಾಕಬೇಡಿ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಾಕಾನ ಹಳೆ ಕಾರಿನದು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಹಾಕಿಸಿದ್ದರು. ಜೋಡಿಸುವಾಗ ಗ್ಯಾರೇಜಿನವರು ಎಂಜಿನ್ ಅರ್ಥ್ ಕೇಬಲ್ಲಿನ ಬೋಲ್ಟ್ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು, ಪಾನಾ ಹಾಕಿರಲಿಲ್ಲ. ಗದಗಿನ ರಸ್ತೆಯಲ್ಲಿ ಒಂದು ತಿಂಗಳು ಕುಲುಕಿದ ಮೇಲೆ ಅದು ಕಳಚಿತು. ಆಶ್ಚರ್ಯ ಏನೆಂದರೆ ಗಾಡಿ ಆಮೇಲೂ ಸ್ಟಾರ್ಟ್ ಆಗುತ್ತಿತ್ತು. ಕರೆಂಟಿಗೆ ವಾಪಸ್ ಹೋಗಲು ದಾರಿ ಬೇಕು, ಅದು ಆಕ್ಸಿಲರೇಟರ್ ಕೇಬಲ್ಲಿನ ಸ್ಟೀಲ್ ತಂತಿಯನ್ನೇ ಹಿಡಿದುಕೊಂಡಿತ್ತು.

ಮುಳಗುಂದ ನಾಕಾ ಹತ್ತಿರ ಒಂದು ದಿನ ಗಾಡಿ ಆಫ್ ಆಯಿತು. ಕಾಕಾ ನಾಲ್ಕೈದು ಸಲ ಸೆಲ್ಫ್ ಹೊಡೆದರು. ಕಾಲಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿ ನಾನು ಆ ಕೇಬಲ್ ಮುಟ್ಟಿದೆ, ಬೆರಳು ಚುರ್ ಅಂದಿತು. ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿ, ಪೆಡಲ್ ಅರ್ಧ ಒತ್ತಿದಲ್ಲೇ ಸಿಕ್ಕಿಕೊಂಡಿತ್ತು. ನಿಂತ ಗಾಡಿಯಲ್ಲಿ ಆಯಿತು ಅಂತ ಬಚಾವಾದೆವು. ಓಡುವಾಗ ಆಕ್ಸಿಲರೇಟರ್ ಹಾಗೆ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಭಯ ಆಗುತ್ತದೆ.

ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್, ಕ್ಲಚ್ ಕೇಬಲ್ ಬೆಚ್ಚಗಾಗಿದೆಯಾ ಅಂತ ಒಮ್ಮೆ ಹುಷಾರಾಗಿ ಮುಟ್ಟಿ ನೋಡಿ.

ಬ್ಯಾಡಗಿ_ಡ್ರೈವರ್:

ನಾನು ಆ ಕಿಟ್ ಹಾಕಿಸಿ ಎರಡು ವರ್ಷ ಆಯಿತು ಸರ್. ಸೆಲ್ಫ್ ಚುರುಕಾಯಿತು, ಲೈಟ್ ಬೆಳ್ಳಗಾಯಿತು, ಪಿಕಪ್ ಕೂಡ ಚೆನ್ನಾಗಿ ಬಂತು. ಮೆಣಸಿನಕಾಯಿ ಸೀಸನ್ನಿನಲ್ಲಿ ದಿನಾ ಹಾವೇರಿ, ಹುಬ್ಬಳ್ಳಿ ಅಂತ ಓಡುವವನು ನಾನು, ವ್ಯತ್ಯಾಸ ಗೊತ್ತಾಗುತ್ತದೆ. ಇಷ್ಟೆಲ್ಲ ಅಳತೆ ಯಾಕೆ, ಹಾಕಿಬಿಡಿ.

ಹುಬ್ಬಳ್ಳಿ_ವೈರಿಂಗ್:

ಬ್ಯಾಡಗಿ ಅಣ್ಣಾ, ನಿಮಗೆ ವ್ಯತ್ಯಾಸ ಗೊತ್ತಾಗಿದ್ದು ನಿಜವೇ, ನಾನು ಅಲ್ಲ ಅನ್ನುವುದಿಲ್ಲ. ಆದರೆ ಅದು ಹೇಗೆ ಬಂತು ನೋಡಿ. ಕಿಟ್ ಹಾಕುವಾಗ ನಾಲ್ಕೈದು ಕಡೆ ಬೋಲ್ಟ್ ಬಿಚ್ಚಿದ್ದಾರೆ, ಆ ಜಾಗ ಉಜ್ಜಿದ್ದಾರೆ, ಬ್ಯಾಟರಿ ಟರ್ಮಿನಲ್ ತೊಳೆದಿದ್ದಾರೆ, ವಾಪಸ್ ಬಿಗಿಯಾಗಿ ಕಟ್ಟಿದ್ದಾರೆ. ಗುಣ ಕೊಟ್ಟಿದ್ದು ಹೆಚ್ಚಿನ ಪಾಲು ಆ ಉಜ್ಜುವಿಕೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಅರ್ಧ ಮೀಟರ್ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ಲಿನಲ್ಲಿ 150 ಆಂಪಿಯರ್ ಹರಿದರೂ ಕಳೆಯುವುದು ಸುಮಾರು 0.06 ವೋಲ್ಟ್. ಕೇಬಲ್ ಸರಿ ಇದ್ದರೆ ಅದಕ್ಕೆ ಇನ್ನೊಂದು ಜೊತೆ ಮಾಡಿ ಉಳಿಸುವುದು 0.03. ಅದೇ ಒಂದು ತುಕ್ಕು ಹಿಡಿದ ಜಾಯಿಂಟ್ ಒಂದೂವರೆ ವೋಲ್ಟ್ ತಿನ್ನುತ್ತದೆ. ಅರ್ಥ್ ಸರಿ ಇರುವ ಗಾಡಿಗೆ ಎಷ್ಟು ಬಣ್ಣದ ಕೇಬಲ್ ಕಟ್ಟಿದರೂ ಮೈಲೇಜ್ ಬರುವುದಿಲ್ಲ, ಪಿಕಪ್ಪೂ ಬರುವುದಿಲ್ಲ. ಅರ್ಥ್ ಕೆಟ್ಟ ಗಾಡಿಗೆ ಕಟ್ಟಿದರೆ ಕೆಟ್ಟ ಜಾಗ ಹಾಗೇ ಒಳಗೆ ಕೊಳೆಯುತ್ತಾ ಇರುತ್ತದೆ. ಅಳೆದರೆ ಯಾವ ಬೋಲ್ಟ್ ಅಂತ ಗೊತ್ತಾಗುತ್ತದೆ. ಅಳೆಯುವುದು ಹತ್ತು ನಿಮಿಷದ ಕೆಲಸ.

ಸಪ್ತಾಪುರ_ಧಾರವಾಡ:

ಇವತ್ತು ಬೆಳಿಗ್ಗೆ ತಂಗಿಯನ್ನು ಒಳಗೆ ಕೂರಿಸಿ ಎಲ್ಲ ನೋಡಿದೆ.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡೂ ಗುಬ್ಬಿ ಮಧ್ಯೆ 10.4. ಮೈನಸ್ ಗುಬ್ಬಿಯಿಂದ ಎಂಜಿನ್‌ಗೆ 1.62. ಬೆಟಗೇರಿಯವರು ಹೇಳಿದ ಕೇಬಲ್‌ಗಳನ್ನು ಮುಟ್ಟಿ ನೋಡಿದೆ, ಸದ್ಯ ತಣ್ಣಗಿವೆ.

ಎಂಜಿನ್ ಓಡುವಾಗ, ಎಲ್ಲ ಲೈಟ್ ಹಾಕಿ, ಬ್ಯಾಟರಿ ಮೇಲೆ 13.9. ಗುಬ್ಬಿಯಿಂದ ಬಾಡಿಗೆ 0.05. ಬಲಗಡೆ ಹೆಡ್‌ಲೈಟಿನ ಅರ್ಥ್ ಪಿನ್ನಿಗೆ 1.1! ಎಡಗಡೆಯದು 0.15. ಬಲಗಡೆ ಬಲ್ಬಿನ ಎರಡು ಪಿನ್ ಮಧ್ಯೆ ನೋಡಿದರೆ 12.1 ಮಾತ್ರ ಇದೆ. ಅಂದರೆ ಎರಡು ಬೇರೆ ಬೇರೆ ತೊಂದರೆಯಾ?

ಹುಬ್ಬಳ್ಳಿ_ವೈರಿಂಗ್:

ಹೌದು, ಎರಡು ಬೇರೆ. ಬಹಳ ಚೆನ್ನಾಗಿ ಅಳೆದಿದ್ದೀರಿ.

ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6ರ ಮೇಲೆ ನಿಂತರೆ ಸಾಕು, ನಿಮ್ಮದು 10.4 ಇದೆ, ಬ್ಯಾಟರಿ ಗಟ್ಟಿ. ಆದರೆ ಸೆಲ್ಫ್ ಮೋಟರಿಗೆ ತಲುಪುತ್ತಿರುವುದು 8.8 ಕೂಡ ಇಲ್ಲ, ಯಾಕೆಂದರೆ ಪ್ಲಸ್ ಕಡೆಯೂ ಸ್ವಲ್ಪ ಹೋಗುತ್ತದೆ. ಈಗ ಆ 1.62 ಎಲ್ಲಿ ಹೋಗುತ್ತಿದೆ ಅಂತ ಕೆಂಪು ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ಇಡಿ. ಗುಬ್ಬಿಯಿಂದ ಟರ್ಮಿನಲ್‌ಗೆ ಒಂದು ಸಲ. ಮೈನಸ್ ಕೇಬಲ್ ಹೋಗಿ ಗೇರ್‌ಬಾಕ್ಸಿಗೆ ಕೂತಿರುವ ಲಗ್ (ಕೇಬಲ್ ತುದಿಯ ಲೋಹದ ಬಳೆ) ಮೇಲೆ ಒಂದು ಸಲ. ಲಗ್ ಪಕ್ಕದಲ್ಲೇ ಗೇರ್‌ಬಾಕ್ಸಿನ ಮೈಗೆ ಚುಚ್ಚಿ ಒಂದು ಸಲ. ಎಲ್ಲಿ ದಿಢೀರ್ ಅಂತ ಏರುತ್ತದೋ ಅದೇ ಜಾಗ.

ಹೆಡ್‌ಲೈಟಿನದು ಇನ್ನೂ ಸುಲಭ. ಬಾಡಿ ಸರಿ ಇದೆ, 0.05. ಬಲಗಡೆ ಅರ್ಥ್ ಪಿನ್ನಿನಿಂದ ಬಾಡಿಗೆ ಬರುವ ಬೋಲ್ಟ್ ಮಾತ್ರ ಕೆಟ್ಟಿದೆ. ಇಂಡಿಕೇಟರೂ ಅದೇ ಬೋಲ್ಟಿಗೆ ಬರುತ್ತದೆ, ಅದಕ್ಕೇ ಅದು ಮಿನುಗಿದಾಗ ಹೆಡ್‌ಲೈಟ್ ಕುಗ್ಗುವುದು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಅಣ್ಣಿಗೇರಿ ರಸ್ತೆಯಲ್ಲಿ ಆ ಟ್ರೇಲರ್ ತಡವಾಗಿ ಕಂಡಿದ್ದಕ್ಕೆ ಇದೂ ಒಂದು ಕಾರಣ. ಯಾರಾದರೂ 100/90 ವಾಟಿನ ಬಲ್ಬ್ ಹಾಕಿ ಅಂದರೆ ಕೇಳಬೇಡಿ, 60/55 ಇರುವ ಜಾಗಕ್ಕೆ ಅದನ್ನು ಹಾಕಿ ಕರಗಿದ ಹೋಲ್ಡರ್‌ಗಳನ್ನು ನಾನು ವಾರಕ್ಕೊಂದು ಬದಲಿಸುತ್ತೇನೆ.

ಕಿಟ್ ಹಾಕಿದ್ದರೆ ಈ ಹೆಡ್‌ಲೈಟ್ ಬೋಲ್ಟ್ ಅದರ ದಾರಿಯಲ್ಲೇ ಬರುತ್ತಿರಲಿಲ್ಲ.

ಸಪ್ತಾಪುರ_ಧಾರವಾಡ:

ನೋಡಿದೆ ಅಣ್ಣಾ. ಟರ್ಮಿನಲ್ 0.03. ಲಗ್ ಮೇಲೆ 0.12. ಅಲ್ಲಿಂದ ಒಂದು ಇಂಚು ಸರಿದು ಗೇರ್‌ಬಾಕ್ಸಿಗೆ ಚುಚ್ಚಿದರೆ 1.62. ಒಂದು ಇಂಚಿನಲ್ಲಿ ಒಂದೂವರೆ ವೋಲ್ಟ್! ಸೆಲ್ಫ್ ಹೊಡೆದ ಮೇಲೆ ಆ ಬೋಲ್ಟ್ ಮುಟ್ಟಿದೆ, ಬೆಚ್ಚಗಿತ್ತು. ಭಾನುವಾರ ಬಿಚ್ಚುತ್ತೇನೆ. ಹೇಗೆ ಮಾಡಬೇಕು ಅಂತ ಯಾರಾದರೂ ಬಿಡಿಸಿ ಹೇಳಿ.

ನವನಗರ_ಹವ್ಯಾಸಿ:

ಈ ಕೆಲಸ ನಮ್ಮ ಮನೆ ಗಾಡಿಗಳಿಗೆಲ್ಲ ನಾನೇ ಮಾಡಿದ್ದೇನೆ, ಹೇಳುತ್ತೇನೆ.

ಮೊದಲು ಕೈಯ ಉಂಗುರ, ಗಡಿಯಾರ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ, ಬೆಂಕಿ ಬೇಡ, ಅದರಿಂದ ಹೈಡ್ರೋಜನ್ ಗ್ಯಾಸ್ ಬರುತ್ತಿರುತ್ತದೆ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಯಾಕೆಂದರೆ ಮೈನಸ್ ಇರುವಾಗಲೇ ಪ್ಲಸ್‌ಗೆ ಹಾಕಿದ ಪಾನಾ ಬಾಡಿಗೆ ತಾಗಿದರೆ ಪಾನಾವೇ ಕೆಂಪಗಾಗುತ್ತದೆ.

ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಇದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ನೊರೆ ಬರುವುದು ನಿಂತರೆ ಆಸಿಡ್ ಸತ್ತಿತು ಅಂತ. ಆ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಮಾತ್ರ ಹೋಗಬಾರದು.

ಈಗ ಗೇರ್‌ಬಾಕ್ಸ್ ಬೋಲ್ಟ್. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ, ಲಗ್ ತಾಮ್ರ. ಎರಡು ಬೇರೆ ಲೋಹದ ಮಧ್ಯೆ ನೀರು, ಕೆಸರು ಕೂತರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಆಗುತ್ತದೆ. ನಮ್ಮ ಕಡೆಯ ಎರೆ ಮಣ್ಣು ಬೇರೆ, ಒಮ್ಮೆ ಮೆತ್ತಿಕೊಂಡರೆ ವಾರಗಟ್ಟಲೆ ಒದ್ದೆ ಹಿಡಿದಿರುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಕೆರೆದು ತೆಗೆಯಿರಿ, ಬೋಲ್ಟ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ಬೋಲ್ಟ್ ಬಂದ ಮೇಲೆ ಲಗ್‌ನ ಎರಡೂ ಮುಖ, ಗೇರ್‌ಬಾಕ್ಸಿನಲ್ಲಿ ಅದು ಕೂರುವ ದುಂಡನೆ ಜಾಗ, ಬೋಲ್ಟ್ ತಲೆಯ ಕೆಳಭಾಗ, ಮೂರನ್ನೂ ಸ್ಯಾಂಡ್ ಪೇಪರಿನಲ್ಲಿ ಹೊಸ ಪಾತ್ರೆಯ ಹಾಗೆ ಹೊಳೆಯುವವರೆಗೂ ಉಜ್ಜಿ. ಉಜ್ಜಿದ ಕೂಡಲೇ ಕಟ್ಟಿಬಿಡಿ, ನಾಳೆ ಕಟ್ಟುತ್ತೇನೆ ಅಂದರೆ ಮತ್ತೆ ಪೊರೆ ಕಟ್ಟುತ್ತದೆ. ಬಿಗಿಯಾಗಿರಬೇಕು, ಆದರೆ ಪಾನಾಕ್ಕೆ ಪೈಪ್ ಹಾಕಿ ಎಳೆಯಬೇಡಿ, ಅಲ್ಯೂಮಿನಿಯಂ ಥ್ರೆಡ್ ಸುಲಭಕ್ಕೆ ಕಿತ್ತು ಬರುತ್ತದೆ. ಕಟ್ಟಿದ ಮೇಲೆ ಹೊರಗಿನಿಂದ ವ್ಯಾಸಲಿನ್ ದಪ್ಪಗೆ ಬಳಿಯಿರಿ. ಮೊದಲು ಬಿಗಿತ, ಆಮೇಲೆ ವ್ಯಾಸಲಿನ್.

ಕೇಬಲ್ಲನ್ನು ಬಗ್ಗಿಸಿ ನೋಡಿ. ಲಗ್ ಹತ್ತಿರ ಒಳಗೆ ಹಸಿರು ಕಂಡರೆ ಅಥವಾ ಗರಗರ ಅಂದರೆ ಕೇಬಲ್ಲೇ ಬದಲಿಸಿ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ 25 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಸಿಗುತ್ತದೆ. ಕೂದಲಿನ ಹಾಗೆ ಸಣ್ಣ ಎಳೆಯದು, ಎಂಜಿನ್ ಅಲುಗಾಡಿದರೂ ತುಂಡಾಗುವುದಿಲ್ಲ. ಆದರೆ ತಾಮ್ರದ್ದೇ ಕೇಳಿ, ಅಲ್ಯೂಮಿನಿಯಂದೂ ಬರುತ್ತದೆ. ಲಗ್ಸ್ ಸುತ್ತಿಗೆಯಲ್ಲಿ ಕುಟ್ಟಬೇಡಿ, ದೊಡ್ಡ ಕ್ರಿಂಪಿಂಗ್ ಟೂಲ್ ಇರುವವರ ಹತ್ತಿರ ಒತ್ತಿಸಿಕೊಳ್ಳಿ. ಮನೆ ವೈರಿಂಗಿನ ಒಂದೇ ಎಳೆಯ ಗಟ್ಟಿ ತಂತಿ ಗಾಡಿಗೆ ಬೇಡವೇ ಬೇಡ.

ಹೊಸ ಅರ್ಥ್ ಪಾಯಿಂಟ್ ಮಾಡುವುದಾದರೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ಸೀಟ್ ಬೆಲ್ಟ್ ಬೋಲ್ಟ್ ಹತ್ತಿರ ಹೋಗಬೇಡಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

ಹಾವೇರಿ_ಡೀಸೆಲ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು 2019ರ ಗಾಡಿ, ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಆನ್ ಆಗುವಂಥದ್ದು. ಮೈನಸ್ ಟರ್ಮಿನಲ್ ಮೇಲೆ ಒಂದು ಸಣ್ಣ ಡಬ್ಬಿ, ಅದಕ್ಕೆ ತೆಳು ವೈರ್ ಇದೆ. ನಾನೂ ಗುಬ್ಬಿಯಿಂದ ಎಂಜಿನ್‌ಗೆ ಒಂದು ಕೇಬಲ್ ಹಾಕಿಕೊಳ್ಳಲಾ?

ಹುಬ್ಬಳ್ಳಿ_ವೈರಿಂಗ್:

ಗುಬ್ಬಿಗೆ ಹಾಕಬೇಡಿ ಸರ್. ಆ ಡಬ್ಬಿ ಬ್ಯಾಟರಿ ಸೆನ್ಸರ್. ಬ್ಯಾಟರಿಗೆ ಹೋಗುವ, ಬರುವ ಕರೆಂಟನ್ನೆಲ್ಲ ಅದು ಲೆಕ್ಕ ಇಡುತ್ತದೆ, ಆ ಲೆಕ್ಕ ನೋಡಿಕೊಂಡೇ ಗಾಡಿ ಚಾರ್ಜಿಂಗ್ ನಡೆಸುವುದು. ನೀವು ನೇರ ಗುಬ್ಬಿಗೆ ಕೇಬಲ್ ಕಟ್ಟಿದರೆ ಕರೆಂಟ್ ಅದನ್ನು ಬಿಟ್ಟು ಪಕ್ಕದಿಂದ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಏನಾದರೂ ಸೇರಿಸಲೇಬೇಕು ಅಂದರೆ ಸೆನ್ಸರಿನ ಆಚೆ, ಬಾಡಿ ಬೋಲ್ಟಿನಿಂದ ಎಂಜಿನ್‌ಗೆ. ಜಂಪ್ ಸ್ಟಾರ್ಟ್ ಮಾಡುವಾಗಲೂ ಕಪ್ಪು ಕ್ಲಿಪ್ ಬಾಡಿಗೆ ಹಾಕಿ. ಆದರೆ 2019ರ ಗಾಡಿ, ಏನೂ ತೊಂದರೆ ಇಲ್ಲ ಅಂದರೆ ಮುಟ್ಟದೇ ಇರುವುದು ಒಳ್ಳೆಯದು. ಒಂದು ಸಲ ಅಳೆದು ನೋಡಿ ಬಿಟ್ಟುಬಿಡಿ.

ಸಪ್ತಾಪುರ_ಧಾರವಾಡ:

ಭಾನುವಾರ ಕೆಲಸ ಮುಗಿಸಿದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಗೇರ್‌ಬಾಕ್ಸ್ ಬೋಲ್ಟ್ ಸುತ್ತ ಒಂದು ಮುಷ್ಟಿ ಎರೆ ಮಣ್ಣು ಇತ್ತು. ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಕೆರೆದರೆ ಒಳಗೆ ಇನ್ನೂ ಹಸಿ. ಬೋಲ್ಟ್ ಬಿಚ್ಚಿದಾಗ ಲಗ್ ತಾನಾಗಿ ಬೀಳಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಯಿತು. ಅಡಿಯಲ್ಲಿ ಸುಣ್ಣ ಬಳಿದ ಹಾಗೆ ಬೂದು ಬಿಳಿ ಪದರ. ಲಗ್‌ನ ಒಂದು ಅಂಚು ಮಾತ್ರ, ಉಗುರಿನಷ್ಟು ಜಾಗ, ಕಪ್ಪಗೆ ಸುಟ್ಟಂತೆ ಇತ್ತು. ಇಷ್ಟು ದಿನ ಸೆಲ್ಫಿನ ಕರೆಂಟೆಲ್ಲ ಆ ಉಗುರಿನಷ್ಟು ಜಾಗದಿಂದಲೇ ಹೋಗುತ್ತಿತ್ತು. ಕೇಬಲ್ ಚೆನ್ನಾಗಿತ್ತು, ಬದಲಿಸಲಿಲ್ಲ. ಉಜ್ಜಿ ಕಟ್ಟಿದ ಮೇಲೆ 1.62 ಇದ್ದದ್ದು 0.15ಕ್ಕೆ ಬಂತು. ಸೆಲ್ಫ್ ಹೊಡೆದರೆ ಈಗ ಒಂದೇ ಉಸಿರಿಗೆ ತಿರುಗುತ್ತದೆ. ಅಪ್ಪ ಒಳಗಿನಿಂದ ಆ ಸದ್ದು ಕೇಳಿ ಹೊರಗೆ ಬಂದು, ಬ್ಯಾಟರಿ ಬದಲಿಸಿದಿಯಾ ಅಂತ ಕೇಳಿದರು. ಟೆಂಪರೇಚರ್ ಮುಳ್ಳು ಅಲ್ಲಾಡುವುದು ನಿಂತಿತು.

ಹೆಡ್‌ಲೈಟಿನದು ಸಿಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಪ್ಪು ವೈರನ್ನು ಹಿಡಿದುಕೊಂಡು ಹೋದರೆ ಬ್ಯಾಟರಿ ಟ್ರೇ ಆಚೆ ಬದಿಯಲ್ಲಿ, ಹೆಡ್‌ಲೈಟ್ ಹಿಂದೆ, ಒಂದು ಸಣ್ಣ ಬೋಲ್ಟ್. ನಾಲ್ಕು ವರ್ಷದ ಹಿಂದೆ ಆ ಮೂಲೆಗೆ ಒಂದು ಬೈಕ್ ಗುದ್ದಿ ಡೆಂಟಿಂಗ್, ಪೇಂಟಿಂಗ್ ಆಗಿತ್ತು. ಆಗ ಬೋಲ್ಟ್ ಬಿಚ್ಚಿ, ಬಣ್ಣ ಹೊಡೆದು, ಬಣ್ಣದ ಮೇಲೆಯೇ ಲಗ್ ಕೂರಿಸಿದ್ದಾರೆ. ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಥ್ರೆಡ್‌ನಿಂದ ಮಾತ್ರ. ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದೆ. 1.1 ಇದ್ದದ್ದು 0.08. ಬಲ್ಬಿನ ಮೇಲೆ ಈಗ 13.1. ಕೆರೆದ ಜಾಗಕ್ಕೆ ತುಕ್ಕು ಹಿಡಿಯದಂತೆ ಸುತ್ತ ವ್ಯಾಸಲಿನ್ ಬಳಿದಿದ್ದೇನೆ.

ಖರ್ಚು ಅಂದರೆ ಸ್ಯಾಂಡ್ ಪೇಪರ್, ಎರಡು ವಾಷರ್, ವ್ಯಾಸಲಿನ್ ಡಬ್ಬಿ ಅಷ್ಟೇ. ನಿನ್ನೆ ರಾತ್ರಿ ಗದಗಕ್ಕೆ ಹೋಗಿ ಬಂದೆ. ಅಣ್ಣಿಗೇರಿ ಆಚೆ ರಸ್ತೆ ಪಕ್ಕದ ಬೇವಿನ ಮರಗಳ ಬುಡದ ಬಿಳಿ ಪಟ್ಟೆ ದೂರದಿಂದಲೇ ಒಂದೊಂದಾಗಿ ಕಾಣುತ್ತಿತ್ತು.

ಒಂದು ಉಳಿದಿದೆ. ಹಿಂದೆ ಬರುತ್ತಿದ್ದ ಗೆಳೆಯ ಹೇಳಿದ, ಬ್ರೇಕ್ ಒತ್ತಿದರೆ ಎಡಗಡೆ ಇಂಡಿಕೇಟರ್ ಕೂಡ ಮಂದವಾಗಿ ಹೊತ್ತಿಕೊಳ್ಳುತ್ತದಂತೆ. ಇದೂ ಅದೇ ಕಥೆಯಾ?

ಬೆಟಗೇರಿಯವ:

ಬಹಳ ಖುಷಿಯಾಯಿತು. ಮುಂದಿನ ಸಲ ಗದಗಕ್ಕೆ ಬಂದಾಗ ಹೇಳಿ, ಕಾಕಾನ ಗಾಡಿಯನ್ನೂ ನಿಮ್ಮ ಮೀಟರ್‌ನಿಂದ ಅಳೆದು ನೋಡೋಣ.

ಹುಬ್ಬಳ್ಳಿ_ವೈರಿಂಗ್:

ಅದೇ ಕಥೆ ಸರ್. ಎಡಗಡೆ ಹಿಂದಿನ ದೀಪದ ಅರ್ಥ್ ಹೋಗಿದೆ. ಬ್ರೇಕ್ ಬಲ್ಬಿನ ಕರೆಂಟಿಗೆ ಮೈನಸ್ ಸಿಗದೆ ಅದು ಪಕ್ಕದ ಇಂಡಿಕೇಟರ್ ಬಲ್ಬಿನ ಒಳಗಿನಿಂದ ನುಗ್ಗಿ ದಾರಿ ಮಾಡಿಕೊಳ್ಳುತ್ತಿದೆ. ಡಿಕ್ಕಿಯ ಒಳಗಿನ ಹೊದಿಕೆ ಸರಿಸಿ, ಹೋಲ್ಡರಿನಿಂದ ಬರುವ ಕಪ್ಪು ವೈರ್ ಎಲ್ಲಿ ಬಾಡಿಗೆ ಕೂತಿದೆ ನೋಡಿ. ಹೋಲ್ಡರಿನ ಒಳಗಿನ ತಗಡಿಗೂ ಹಸಿರು ಹಿಡಿದಿರುತ್ತದೆ, ಅದನ್ನೂ ಕೆರೆಯಿರಿ. ಬ್ರೇಕ್ ಒತ್ತಿಸಿ, ಆ ಕಪ್ಪು ವೈರಿನಿಂದ ಬಾಡಿಗೆ ಎಷ್ಟು ಬರುತ್ತದೆ ಅಂತ ಅಳೆದು ಹಾಕಿ. ಮಳೆ ಜೋರಾಗುವ ಮೊದಲೇ ಮಾಡಿ, ನಿಮ್ಮ ಹಿಂದೆ ಬರುವವರು ನೋಡುವುದು ಅದೇ ದೀಪವನ್ನು.